ಐದು ಪಾಲಿಕೆಗಳ ಬೆಂಗಳೂರು: ಗಡಿ ಬಂದಾಯಿತು, ಕಡತ ಇನ್ನೂ ಬರಬೇಕಿದೆ

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಇಲ್ಲವಾಯಿತು. ಅದರ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳು ಬಂದವು. ಐದರ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಜನರ ಬಾಯಲ್ಲಿ ಜಿಬಿಎ, ಕೂತಿತು. ಒಡೆದದ್ದು ಸರಿಯೋ ತಪ್ಪೋ ಎಂಬ ರಾಜಕೀಯ ಚರ್ಚೆ ಬೇಕಾದಷ್ಟು ನಡೆದಿದೆ. ಇಲ್ಲಿ ಪರೀಕ್ಷಿಸುತ್ತಿರುವುದು ಬೇರೆ ವಿಷಯ: ತೆರಿಗೆ ಕಟ್ಟುವವರಿಗೆ, ಖಾತಾ ಮಾಡಿಸುವವರಿಗೆ, ಮೋರಿ ಉಕ್ಕಿದಾಗ ಫೋನ್ ಮಾಡುವವರಿಗೆ ಈ ಪುನರ್‌ರಚನೆ ಒಂದು ಸೇವೆಯಾಗಿ ಹೇಗಿದೆ, ಎಲ್ಲಿ ತೊಡಕಾಗುತ್ತದೆ, ಯಾಕೆ ತೊಡಕಾಗುತ್ತದೆ.

ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಡಿ ಎಳೆದ ಕೆಲಸ ಚುರುಕಾಗಿ ಆಗಿದೆ, ವಾರ್ಡುಗಳನ್ನು ಚಿಕ್ಕದು ಮಾಡಿದ್ದು ಸ್ವಾಗತಾರ್ಹ. ಆಸ್ತಿ ದಾಖಲೆಗಳನ್ನು ಐದಾಗಿ ಹರಿಯದೆ ಒಂದೇ ತಂತ್ರಾಂಶದಲ್ಲಿ ಉಳಿಸಿಕೊಂಡದ್ದು ಇಡೀ ಪುನರ್‌ರಚನೆಯಲ್ಲೇ ಅತ್ಯುತ್ತಮ ನಿರ್ಧಾರ. ಹಣದ ಹಂಚಿಕೆ, ಸಿಬ್ಬಂದಿ, ನೀರು ಮತ್ತು ರಾಜಕಾಲುವೆ ವಿಷಯದಲ್ಲಿ ಮಾತ್ರ ಈ ವ್ಯವಸ್ಥೆ ಹಳೆಯ ಗಂಟನ್ನು ಹಾಗೇ ಹೊತ್ತುಕೊಂಡು ಬಂದಿದೆ.

ಒಂದು ಪಾಲಿಕೆಯನ್ನು ಒಡೆಯುವುದೆಂದರೆ ಏನೇನು ಆಗಬೇಕು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಬೋರ್ಡ್ ಬದಲಾಗಲು ಒಂದು ದಿನ ಸಾಕು. ಆದರೆ ಪ್ರತಿ ಆಸ್ತಿಯ ತೆರಿಗೆ ಬೇಡಿಕೆ ಯಾವ ಪಾಲಿಕೆಯ ಬ್ಯಾಂಕ್ ಖಾತೆಗೆ ಹೋಗಬೇಕು, ಚಾಲ್ತಿಯಲ್ಲಿರುವ ಕಾಮಗಾರಿಯ ಬಿಲ್ ಯಾರು ಪಾವತಿಸಬೇಕು, ಹಳೆಯ ಸಾಲ ಯಾರ ತಲೆ ಮೇಲೆ, ಕೋರ್ಟಿನಲ್ಲಿ ಬಿಬಿಎಂಪಿ ಹೆಸರಿನಲ್ಲಿರುವ ಕೇಸಿಗೆ ಈಗ ಪ್ರತಿವಾದಿ ಯಾರು, ಕಂದಾಯ ನಿರೀಕ್ಷಕರ ಸೇವಾ ಪುಸ್ತಕ ಯಾವ ಕಚೇರಿಯಲ್ಲಿ ಇರಬೇಕು, ಇವೆಲ್ಲವೂ ಒಂದೊಂದಾಗಿ ತೀರ್ಮಾನವಾಗಬೇಕು. ಇದರಲ್ಲಿ ಯಾವುದೊಂದು ಬಾಕಿ ಉಳಿದರೂ ಕೌಂಟರಿನಲ್ಲಿ ನಿಂತವರಿಗೆ ಕೇಳಿಸುವುದು ಒಂದೇ ಮಾತು: "ಇದು ನಮ್ಮ ವ್ಯಾಪ್ತಿಗೆ ಬರಲ್ಲ."

ಬೆಂಗಳೂರಿಗೆ ಇದು ಹೊಸ ಅನುಭವವಲ್ಲ. 2007ರಲ್ಲಿ ದಿಕ್ಕು ತಿರುವುಮುರುವಾಗಿತ್ತು. ಬೆಂಗಳೂರು ಮಹಾನಗರ ಪಾಲಿಕೆಯ ಜೊತೆ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್. ಪುರ, ಇವೆಲ್ಲ ಅಂದು ಸೇರಿದ ನಗರಸಭೆಗಳು. ಸೇರಿಸುವ ಆದೇಶ ಹೊರಟಷ್ಟು ಸುಲಭವಾಗಿ ನೀರು ಬರಲಿಲ್ಲ. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಪುನರ್‌ರಚನೆಯ ಆದೇಶಕ್ಕೂ ಅದರ ಫಲಕ್ಕೂ ನಡುವೆ ಹದಿನೇಳು ವರ್ಷದ ಅಂತರ. ಈಗಿನ ವಿಭಜನೆಯನ್ನು ತೂಗುವಾಗ ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡೇ ನೋಡಬೇಕು.

ವಿಭಜನೆಯ ಪ್ರಸ್ತಾಪವೂ ದಿಢೀರ್ ಹುಟ್ಟಿದ್ದಲ್ಲ. ನಿವೃತ್ತ ಮುಖ್ಯ ಕಾರ್ಯದರ್ಶಿ ಬಿ.ಎಸ್. ಪಾಟೀಲ್ ನೇತೃತ್ವದ ಸಮಿತಿ 2015ರ ಹೊತ್ತಿಗೇ ಮೂರು ಸ್ತರದ ವ್ಯವಸ್ಥೆ ಸೂಚಿಸಿತ್ತು: ಮೇಲೆ ಇಡೀ ಮಹಾನಗರಕ್ಕೆ ಒಂದು ಪ್ರಾಧಿಕಾರ, ನಡುವೆ ಹಲವು ಪಾಲಿಕೆಗಳು, ಕೆಳಗೆ ವಾರ್ಡ್ ಸಮಿತಿಗಳು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಕಾಯ್ದೆ ಏಳು ಪಾಲಿಕೆಗಳವರೆಗೂ ಅವಕಾಶ ಕೊಡುತ್ತದೆ. ಸರ್ಕಾರ ಐದಕ್ಕೆ ನಿಂತಿತು.

ಗಡಿಯನ್ನು ನೋಡೋಣ. ಒಟ್ಟು ಸುಮಾರು 712 ಚದರ ಕಿಲೋಮೀಟರ್‌ನಲ್ಲಿ ಕೇಂದ್ರಕ್ಕೆ 78, ಪೂರ್ವಕ್ಕೆ 168, ಪಶ್ಚಿಮಕ್ಕೆ 161, ಉತ್ತರಕ್ಕೆ 158, ದಕ್ಷಿಣಕ್ಕೆ 147. ಪ್ರತಿ ಪಾಲಿಕೆಗೆ ಎರಡು ವಲಯದಂತೆ ಹತ್ತು ವಲಯ. ವಿಧಾನಸಭಾ ಕ್ಷೇತ್ರಗಳನ್ನು ಆದಷ್ಟು ಮುರಿಯದೆ ಜೋಡಿಸಿದ್ದಾರೆ. ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ಚಿಕ್ಕಪೇಟೆ, ಚಾಮರಾಜಪೇಟೆ, ಸಿ.ವಿ. ರಾಮನ್ ನಗರ ಸೇರಿ ಕೇಂದ್ರ ಪಾಲಿಕೆ, ಕೆ.ಆರ್. ಪುರ ಮತ್ತು ಮಹದೇವಪುರದ ಬಹುಭಾಗ ಸೇರಿ ಪೂರ್ವ ಪಾಲಿಕೆ. ನಿವಾಸಿಗಳಿಗೆ ಇದರಿಂದ ಒಂದು ಅನುಕೂಲವಿದೆ: ಮತದಾರರ ಗುರುತಿನ ಚೀಟಿಯಲ್ಲಿರುವ ಕ್ಷೇತ್ರದ ಹೆಸರು ನೋಡಿದರೆ ಯಾವ ಪಾಲಿಕೆ ಎಂಬುದು ಹೆಚ್ಚಿನ ಕಡೆ ತಿಳಿಯುತ್ತದೆ. ಎರಡು ಪಾಲಿಕೆಗಳಿಗೆ ಹಂಚಿಹೋದ ಕ್ಷೇತ್ರಗಳವರು ಮಾತ್ರ ವಾರ್ಡ್ ನಕ್ಷೆಯನ್ನೇ ತೆರೆದು ನೋಡಬೇಕು.

ವಾರ್ಡುಗಳ ವಿಷಯದಲ್ಲಿ ಮೆಚ್ಚುಗೆಯೂ ಇದೆ, ಆಕ್ಷೇಪವೂ ಇದೆ. 2025ರ ನವೆಂಬರ್‌ನ ಅಂತಿಮ ಪಟ್ಟಿಯಲ್ಲಿ 369 ವಾರ್ಡುಗಳು: ಪಶ್ಚಿಮ 112, ಉತ್ತರ 72, ದಕ್ಷಿಣ 72, ಕೇಂದ್ರ 63, ಪೂರ್ವ 50. ಬಿಬಿಎಂಪಿಯಲ್ಲಿ ಕೊನೆಯ ಬಾರಿ ಚುನಾವಣೆ ನಡೆದದ್ದು 198 ವಾರ್ಡಿಗೆ. 2011ರ ಜನಗಣತಿಯ 84.43 ಲಕ್ಷ ಜನರನ್ನು ಲೆಕ್ಕಕ್ಕೆ ಹಿಡಿದರೆ, ಒಂದು ವಾರ್ಡಿನಲ್ಲಿ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ ಇದ್ದದ್ದು 23 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಬೀದಿ ದೀಪ ಕೆಟ್ಟಾಗ ಸದಸ್ಯರ ಮನೆ ಬಾಗಿಲಿಗೆ ಹೋಗುವವರಿಗೆ ಇದು ನಿಜವಾದ ಬದಲಾವಣೆ. ತೊಂದರೆ ಇರುವುದು ಆ 2011 ಎಂಬ ಅಂಕಿಯಲ್ಲೇ. ಅದಾದ ಮೇಲೆ ವೈಟ್‌ಫೀಲ್ಡ್, ವರ್ತೂರು, ಹೊರವರ್ತುಲ ರಸ್ತೆಯ ಪೂರ್ವ ಭಾಗ ಬೆಳೆದ ವೇಗ ಎಲ್ಲರ ಕಣ್ಣ ಮುಂದಿದೆ. ಹಳೆಯ ತಲೆಲೆಕ್ಕದ ಮೇಲೆ ಹಂಚಿದ್ದರಿಂದ ಪೂರ್ವ ಪಾಲಿಕೆಗೆ 50 ವಾರ್ಡ್ ಮಾತ್ರ ಸಿಕ್ಕಿವೆ. ಅಲ್ಲಿ ಒಂದು ವಾರ್ಡ್ ಸರಾಸರಿ 3.4 ಚದರ ಕಿಲೋಮೀಟರ್, ಪಶ್ಚಿಮದಲ್ಲಿ 1.4. ಒಂದೇ ಊರಿನಲ್ಲಿ ಒಬ್ಬ ವಾರ್ಡ್ ಎಂಜಿನಿಯರ್ ಸುತ್ತಬೇಕಾದ ನೆಲ ಇನ್ನೊಬ್ಬರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹೊಸ ಜನಗಣತಿಯ ಅಂಕಿ ಬಂದ ಕೂಡಲೇ ಮೊದಲು ಸರಿಪಡಿಸಬೇಕಾದದ್ದು ಇದು.

ಇನ್ನು ಸೇವೆಯ ಹೃದಯಭಾಗ, ಇ-ಖಾತಾ, ಅಂದರೆ ಆಸ್ತಿ ಖಾತಾದ ಡಿಜಿಟಲ್ ರೂಪ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕೆಂದರೆ ಪುನರ್‌ರಚನೆ ಗೆದ್ದಿದೆಯೋ ಸೋತಿದೆಯೋ ಎಂಬುದು ನಾಗರಿಕರ ಕೈಗೆ ತಗಲುವುದು ಇಲ್ಲಿಯೇ.

2024ರ ಅಕ್ಟೋಬರ್‌ನಿಂದ ನಗರದಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ವಾರ್ಡ್ ಕಚೇರಿಗಳಲ್ಲಿದ್ದ ಖಾತಾ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ, ಪ್ರತಿ ಆಸ್ತಿಗೂ ಒಂದು ಕರಡು ಇ-ಖಾತಾ ತಯಾರಿಸಿ ಇ-ಆಸ್ತಿ ಜಾಲತಾಣಕ್ಕೆ ಹಾಕಿದ್ದಾರೆ. ಮಾಲೀಕರು ಕೊರತೆಯಿರುವ ಮಾಹಿತಿ ತುಂಬಿ ಅದನ್ನು ಅಂತಿಮ ಮಾಡಿಸಿಕೊಳ್ಳಬೇಕು. ಪಾಲಿಕೆ ಐದಾದರೂ ಈ ಜಾಲತಾಣ ಒಂದೇ ಆಗಿ ಉಳಿದಿರುವುದು ದೊಡ್ಡ ಅದೃಷ್ಟ. ಬಿಬಿಎಂಪಿ ಹೆಸರಿನಲ್ಲಿ ಸಿಕ್ಕ ಹಳೆಯ ಖಾತಾ, ನಕ್ಷೆ ಮಂಜೂರಾತಿ, ಪರವಾನಗಿಗಳೂ ಹೊಸ ಕಾಯ್ದೆಯಡಿ ಮುಂದುವರಿಯುತ್ತವೆ. "ಪಾಲಿಕೆ ಬದಲಾಗಿದೆ, ಹೊಸದಾಗಿ ಮಾಡಿಸಬೇಕು" ಎಂದು ಹಣ ಕೇಳುವ ಮಧ್ಯವರ್ತಿಗಳ ಮಾತು ಕೇಳಬೇಕಿಲ್ಲ.

ಅರ್ಜಿಗೆ ಕೂರುವ ಮುಂಚೆ ಮೇಜಿನ ಮೇಲೆ ಇರಬೇಕಾದವು: ನೋಂದಾಯಿತ ಕ್ರಯಪತ್ರ, ಋಣಭಾರ ಪತ್ರ ಅಂದರೆ ಇ.ಸಿ., ಇತ್ತೀಚಿನ ಆಸ್ತಿ ತೆರಿಗೆ ರಸೀದಿ, ಎಲ್ಲ ಮಾಲೀಕರ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್, ಬೆಸ್ಕಾಂ ಬಿಲ್, ಆಸ್ತಿಯ ಫೋಟೊ. ಇ.ಸಿ.ಯನ್ನು ಕ್ರಯಪತ್ರ ನೋಂದಣಿಯಾದ ದಿನಕ್ಕಿಂತ ಒಂದು ದಿನ ಮುಂಚಿನಿಂದ ಇವತ್ತಿನವರೆಗೆ ತೆಗೆಸಬೇಕು. ತಮ್ಮ ಖರೀದಿಯ ವ್ಯವಹಾರವೇ ಇ.ಸಿ.ಯಲ್ಲಿ ಕಾಣದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. 2004ರ ಏಪ್ರಿಲ್‌ಗಿಂತ ಹಿಂದಿನ ಇ.ಸಿ. ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಪುಸ್ತಕದಿಂದ ತೆಗೆಸಬೇಕು. ಹಳೆಯ ಬಡಾವಣೆಗಳವರು ಇದಕ್ಕೆ ಸಮಯ ಇಟ್ಟುಕೊಳ್ಳಲಿ.

ಮೊದಲ ತೊಡಕು ಹುಡುಕಾಟದಲ್ಲೇ ಬರುತ್ತದೆ. ಪಿಐಡಿ, ಅಂದರೆ ಆಸ್ತಿಯ ಗುರುತಿನ ಸಂಖ್ಯೆ, ವಾರ್ಡ್, ಬೀದಿ, ಆಸ್ತಿ ಎಂಬ ಮೂರು ಭಾಗದ್ದು. ಅದರ ಮೊದಲ ಭಾಗದಲ್ಲಿರುವುದು ಆ ಸಂಖ್ಯೆ ಕೊಟ್ಟ ಕಾಲದ ವಾರ್ಡ್. ಅಂದಿನಿಂದ ಊರು 198 ವಾರ್ಡ್ ಕಂಡಿದೆ, 225ರ ಪಟ್ಟಿ ಕಂಡಿದೆ, ಈಗ 369. ಆದ್ದರಿಂದ ಹೊಸ ವಾರ್ಡಿನ ಹೆಸರು ಹಿಡಿದು ಹುಡುಕಿದರೆ ಆಸ್ತಿ ಸಿಗದೇ ಹೋಗಬಹುದು. ತೆರಿಗೆ ರಸೀದಿಯಲ್ಲಿರುವ ಹಳೆಯ ವಾರ್ಡನ್ನೇ ಆಯ್ದು, ಪಿಐಡಿ ಇಲ್ಲವೇ ತೆರಿಗೆ ಅರ್ಜಿ ಸಂಖ್ಯೆ ಹಾಕಿ ನೋಡಬೇಕು. ಆಗಲೂ ಸಿಗದಿದ್ದರೆ ಹಿಂದಿನ ಮಾಲೀಕರ ಹೆಸರಿನಲ್ಲಿ, ಕಾಗುಣಿತ ಬದಲಿಸಿ ಹುಡುಕಬೇಕು. "ಲಕ್ಷ್ಮಮ್ಮ", "ಲಕ್ಷ್ಮಿಯಮ್ಮ", "ಲಕ್ಷಮ್ಮ" ಮೂರೂ ಬೇರೆ ಬೇರೆ ಎಂದೇ ಯಂತ್ರ ತಿಳಿಯುತ್ತದೆ. ಇಷ್ಟಾದ ಮೇಲೂ ಕಾಣದಿದ್ದರೆ ಮಾತ್ರ ಪಟ್ಟಿಯಲ್ಲಿಲ್ಲದ ಆಸ್ತಿಗೆ ಹೊಸ ಖಾತಾ ಕೋರುವ ದಾರಿ ಹಿಡಿಯಬೇಕು. ಅವಸರಪಟ್ಟು ಮೊದಲೇ ಆ ದಾರಿ ಹಿಡಿದರೆ ಒಂದೇ ನಿವೇಶನಕ್ಕೆ ಎರಡು ದಾಖಲೆ ಹುಟ್ಟಿ, ಎರಡನ್ನೂ ತಡೆಹಿಡಿಯುವ ಪರಿಸ್ಥಿತಿ ಬರುತ್ತದೆ.

ಎರಡನೆಯದು ಹೆಸರಿನ ಹೊಂದಾಣಿಕೆ. ಕ್ರಯಪತ್ರದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು; ಕ್ರಯಪತ್ರದಲ್ಲಿ ಮದುವೆಗೆ ಮುಂಚಿನ ಹೆಸರು, ಆಧಾರ್‌ನಲ್ಲಿ ಈಗಿನದು. ಇಂಥ ವ್ಯತ್ಯಾಸವಿದ್ದಾಗ ಅರ್ಜಿ ಕೇಸ್ ವರ್ಕರ್ ಮತ್ತು ಸಹಾಯಕ ಕಂದಾಯ ಅಧಿಕಾರಿಯ ಪರಿಶೀಲನೆಗೆ ಹೋಗಿ ಕೂರುತ್ತದೆ. ಇದಕ್ಕೆ ಕ್ರಯಪತ್ರ ತಿದ್ದಿಸಲು ಓಡುವುದಕ್ಕಿಂತ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರ ಮತ್ತು ಎರಡನ್ನೂ ತೋರಿಸುವ ಇನ್ನೊಂದು ಸರ್ಕಾರಿ ದಾಖಲೆ ಜೊತೆಗಿಟ್ಟುಕೊಂಡರೆ ಕೆಲಸ ಹಗುರ.

ಮೂರನೆಯದು ಅಳತೆ. ಕ್ರಯಪತ್ರದಲ್ಲಿ ಅಡಿ, ಖಾತಾದಲ್ಲಿ ಚದರ ಮೀಟರ್. 30-40ರ ನಿವೇಶನ ಅಂದರೆ 1,200 ಚದರಡಿ, ಅಂದರೆ 111.48 ಚದರ ಮೀಟರ್. ಕರಡಿನಲ್ಲಿ ಈ ಅಂಕಿ ಬೇರೆಯಿದ್ದರೆ ಅಂತಿಮ ಮಾಡುವ ಮುಂಚೆಯೇ ತಿದ್ದಿಸಬೇಕು, ಯಾಕೆಂದರೆ ನಾಳೆ ಮಾರುವಾಗ ನೋಂದಣಿ ತಂತ್ರಾಂಶ ಈ ಅಂಕಿಯನ್ನೇ ಎತ್ತಿಕೊಳ್ಳುತ್ತದೆ. ಚಕ್ಕುಬಂದಿಯನ್ನೂ ಹಾಗೆಯೇ ಒಂದೊಂದು ದಿಕ್ಕಿಗೆ ಬೆರಳಿಟ್ಟು ಹೋಲಿಸಬೇಕು. ಪೂರ್ವ-ಪಶ್ಚಿಮ ಅದಲುಬದಲಾಗಿ ನಮೂದಾಗುವುದು ತೀರಾ ಸಾಮಾನ್ಯ. ಅಪಾರ್ಟ್‌ಮೆಂಟಿನವರು ಗಮನಿಸಬೇಕಾದ ಕಾಲಂ ಅವಿಭಾಜ್ಯ ಪಾಲಿನದು, ಅಂದರೆ ನಿವೇಶನದ ನೆಲದಲ್ಲಿ ಆ ಫ್ಲ್ಯಾಟಿಗೆ ಸೇರುವ ಭಾಗದ್ದು. ಅಲ್ಲಿ ಬಿಲ್ಡರ್ ಹೇಳುವ ಸೂಪರ್ ಬಿಲ್ಟ್‌ಅಪ್ ಅಳತೆಯನ್ನು ತುಂಬಿದರೆ ಎಲ್ಲ ಫ್ಲ್ಯಾಟ್‌ಗಳ ಪಾಲು ಕೂಡಿದಾಗ ನಿವೇಶನಕ್ಕಿಂತ ದೊಡ್ಡದಾಗುತ್ತದೆ, ಮುಂದೆ ಇಡೀ ಕಟ್ಟಡಕ್ಕೇ ತಲೆನೋವು.

ಬೆಸ್ಕಾಂ ವಿಷಯದಲ್ಲಿ ಕೇಳುವುದು ಬಿಲ್ಲಿನಲ್ಲಿರುವ ಹತ್ತು ಅಂಕಿಯ ಅಕೌಂಟ್ ಐಡಿ. ಆರ್.ಆರ್. ನಂಬರ್ ಹಾಕಿ ತಿರಸ್ಕಾರ ಪಡೆಯುವವರು ಬಹಳ. ಸ್ಥಳದ ಅಕ್ಷಾಂಶ-ರೇಖಾಂಶವನ್ನು ಮನೆಯ ಬಾಗಿಲಲ್ಲಿ ನಿಂತೇ ತೆಗೆದುಕೊಳ್ಳಬೇಕು. ಸೈಬರ್ ಸೆಂಟರ್‌ನಲ್ಲಿ ಕೂತು ಅಂದಾಜಿಗೆ ಗುರುತು ಹಾಕಿದರೆ ಆಸ್ತಿ ಪಕ್ಕದ ರಸ್ತೆಗೆ, ಗಡಿಯ ಹತ್ತಿರವಾದರೆ ಪಕ್ಕದ ಪಾಲಿಕೆಗೇ ಹೋಗಬಹುದು. ಜಂಟಿ ಮಾಲೀಕತ್ವವಿದ್ದರೆ ಪ್ರತಿಯೊಬ್ಬರ ಆಧಾರ್ ಒಟಿಪಿ ಬೇಕು, ವಿದೇಶದಲ್ಲಿರುವ ಮಗನ ಹಳೆಯ ಸಿಮ್ ನಿಂತುಹೋಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಮಾಲೀಕರು ತೀರಿಕೊಂಡಿದ್ದರೆ ಅವರ ಹೆಸರಿನಲ್ಲಿ ಅಂತಿಮ ಇ-ಖಾತಾ ಮಾಡಿಸಲಾಗದು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು.

ಒಂದು ಎಚ್ಚರಿಕೆ: ಖಾತಾ ತೆರಿಗೆ ಲೆಕ್ಕದ ದಾಖಲೆ, ಒಡೆತನದ ಪತ್ರವಲ್ಲ. ಒಡೆತನ ಸಾಬೀತಾಗುವುದು ಕ್ರಯಪತ್ರದ ಸರಣಿಯಿಂದ. ಬಿ-ಖಾತಾ ಅಂದರೆ ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗಳ ಪ್ರತ್ಯೇಕ ದಾಖಲೆ, ಅಂಥ ಆಸ್ತಿಗೆ ಇ-ಖಾತಾ ಸಿಕ್ಕರೂ ಅದು ಬಿ ಎಂದೇ ಬರುತ್ತದೆ. ಪಾಲಿಕೆ ಐದಾಗಿದ್ದರಿಂದ ಅದು ಎ ಆಗುವುದಿಲ್ಲ.

ಈ ಸೇವೆಗೆ ಒಟ್ಟಾರೆ ಒಳ್ಳೆಯ ಅಂಕವನ್ನೇ ಕೊಡಬೇಕು. ದಾಖಲೆ ಸರಿಯಿದ್ದವರು ಕಚೇರಿಯ ಮೆಟ್ಟಿಲು ಹತ್ತದೆ ಕೆಲಸ ಮುಗಿಸಬಲ್ಲರು, ಹತ್ತು ವರ್ಷದ ಹಿಂದೆ ಇದು ಊಹೆಗೂ ನಿಲುಕುತ್ತಿರಲಿಲ್ಲ. ಸಿಕ್ಕಿಹಾಕಿಕೊಳ್ಳುವವರು ಹಳೆಯ ಕಂದಾಯ ಬಡಾವಣೆಗಳವರು, ಭಾಗವಾದ ಪಿತ್ರಾರ್ಜಿತ ಮನೆಗಳವರು, ಅಂದರೆ ನಿಜಕ್ಕೂ ನೆರವು ಬೇಕಾದವರೇ. ಅವರ ಅರ್ಜಿಗಳು ಮನುಷ್ಯರ ಪರಿಶೀಲನೆಗೆ ಹೋಗುತ್ತವೆ, ಅಲ್ಲಿ ಮನುಷ್ಯರ ಸಂಖ್ಯೆಯೇ ಕಡಿಮೆ. ಐದು ಪಾಲಿಕೆಗೆ ಐವರು ಆಯುಕ್ತರು ಬಂದರು, ಕಡತ ನೋಡುವ ಕೇಸ್ ವರ್ಕರ್‌ಗಳು ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಮೇಲಿನ ಹುದ್ದೆ ಮೊದಲು ತುಂಬಿ ಕೆಳಗಿನದು ಖಾಲಿ ಉಳಿಯುವುದು ಪುನರ್‌ರಚನೆಗಳ ಹಳೆಯ ರೋಗ, ಅದಕ್ಕೆ ಇಲ್ಲಿ ಮದ್ದು ಮಾಡಲೇಬೇಕು.

ಉಳಿದ ಸೇವೆಗಳನ್ನು ಬೇಗ ನೋಡಿಬಿಡಬಹುದು. ತೆರಿಗೆಯನ್ನು ಮೊದಲಿನಂತೆ ಸ್ವಯಂ ಘೋಷಣೆಯಲ್ಲೇ ಕಟ್ಟುವುದು. ಇಡೀ ವರ್ಷದ್ದನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ. 2025ರ ಏಪ್ರಿಲ್‌ನಿಂದ ಇದರ ಜೊತೆಗೇ ತ್ಯಾಜ್ಯ ನಿರ್ವಹಣಾ ಶುಲ್ಕ ಸೇರಿದೆ. ಮನೆಗಳಿಗೆ ಕಟ್ಟಡದ ಅಳತೆಯ ಮೇಲೆ, 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ಮೀರಿದರೆ 400 ರೂಪಾಯಿ. 4,000 ಚದರಡಿಯವರೆಗಿನ ನಿವೇಶನದ ಮನೆ ನಕ್ಷೆಗೆ "ನಂಬಿಕೆ ನಕ್ಷೆ" ಯೋಜನೆಯಿದೆ, ನೋಂದಾಯಿತ ವಾಸ್ತುಶಿಲ್ಪಿ ಇಲ್ಲವೇ ಎಂಜಿನಿಯರ್ ಮೂಲಕ ತಾತ್ಕಾಲಿಕ ಅನುಮೋದನೆ ಸಿಗುತ್ತದೆ. ಜನನ-ಮರಣ ನೋಂದಣಿಯಲ್ಲಿ ಹೊಸ ಗೊಂದಲ ಹುಟ್ಟುವ ಸಾಧ್ಯತೆಯಿದೆ: ನೋಂದಣಿ ಆಗುವುದು ಘಟನೆ ನಡೆದ ಸ್ಥಳದಲ್ಲಿ. ಮನೆ ವೈಟ್‌ಫೀಲ್ಡಿನಲ್ಲಿದ್ದು ಹೆರಿಗೆ ಶಿವಾಜಿನಗರದ ಆಸ್ಪತ್ರೆಯಲ್ಲಿ ಆದರೆ ಅದು ಕೇಂದ್ರ ಪಾಲಿಕೆಯ ವ್ಯಾಪ್ತಿ. 21 ದಿನದೊಳಗೆ ನೋಂದಣಿಗೆ ಶುಲ್ಕವಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ.

ದೂರಿಗೆ ಸಹಾಯವಾಣಿ 1533. ಸಂಖ್ಯೆ ಒಂದೇ ಇರುವುದು ಅನುಕೂಲ, ಆದರೆ ಪಾಲಿಕೆಯ ಕೆಲಸವೇ ಅಲ್ಲದ ದೂರುಗಳು ಅಲ್ಲಿ ಬಿದ್ದು "ಸಂಬಂಧಿಸಿದ್ದಲ್ಲ" ಎಂದು ಮುಚ್ಚಿಹೋಗುತ್ತವೆ. ಹೆಚ್ಚಿನ ಎಡವಟ್ಟು ಮೋರಿಯದು. ಒಳಚರಂಡಿ ಜಲಮಂಡಳಿಯದು, ಅದಕ್ಕೆ 1916. ಮಳೆನೀರು ಚರಂಡಿ ಪಾಲಿಕೆಯದು. ರಸ್ತೆ ನಡುವಿನ ದುಂಡು ಮುಚ್ಚಳದಿಂದ ನೀರು ಉಕ್ಕುತ್ತಿದ್ದರೆ ಅದು ಮ್ಯಾನ್‌ಹೋಲ್, ಜಲಮಂಡಳಿಗೆ ಹೇಳಿ. ರಸ್ತೆ ಅಂಚಿನಲ್ಲಿ ಕಲ್ಲು ಇಲ್ಲವೇ ಸಿಮೆಂಟ್ ಚಪ್ಪಡಿ ಹೊದೆಸಿದ ಚರಂಡಿ ಕಟ್ಟಿಕೊಂಡಿದ್ದರೆ ಪಾಲಿಕೆಗೆ. ಮಳೆಯಿಲ್ಲದ ಮಾರ್ಚ್‌ನಲ್ಲೂ ಆ ಚರಂಡಿಯಲ್ಲಿ ಕಪ್ಪು ನೀರು ಹರಿಯುತ್ತಿದೆಯೆಂದರೆ ಮೇಲೆಲ್ಲೋ ಒಳಚರಂಡಿ ಒಡೆದು ಸೇರಿಕೊಂಡಿದೆ. ಆಗ ಎರಡೂ ಕಡೆ ದೂರು ಕೊಟ್ಟು, ಒಂದರ ದೂರು ಸಂಖ್ಯೆಯನ್ನು ಇನ್ನೊಂದರಲ್ಲಿ ಬರೆಸುವುದು ಅಗತ್ಯ. ಇಲ್ಲದಿದ್ದರೆ ಇಬ್ಬರು ಎಂಜಿನಿಯರ್‌ಗಳೂ ಬಂದು ನೋಡಿ, ಇನ್ನೊಬ್ಬರದೆಂದು ಬರೆದು ಹೋಗುತ್ತಾರೆ. ಕರೆಂಟಿಗೆ 1912. ಕಸದ ಆಟೋ ಬಾರದಿದ್ದರೆ ಹೊಣೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು, ಅದು ಐದೂ ಪಾಲಿಕೆಗೆ ಒಂದೇ. ಸುರಂಗ ರಸ್ತೆ, ಮೇಲ್ಸೇತುವೆಯಂಥ ದೊಡ್ಡ ಕಾಮಗಾರಿ ಬಿ-ಸ್ಮೈಲ್ ಎಂಬ ಸರ್ಕಾರಿ ಕಂಪನಿಯ ಕೈಯಲ್ಲಿದೆ.

ಇಲ್ಲಿಗೆ ಪುನರ್‌ರಚನೆಯ ಬುಡದ ಪ್ರಶ್ನೆ ಬರುತ್ತದೆ. ನೀರು, ಒಳಚರಂಡಿ, ಬಸ್ಸು, ಮೆಟ್ರೊ, ವಿದ್ಯುತ್, ಕಸ, ದೊಡ್ಡ ರಸ್ತೆ, ಇಷ್ಟೂ ಪಾಲಿಕೆಯ ಹೊರಗಿವೆ. ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸಂಸ್ಥೆಗಳಿಗೆ ಗುರುತಿಸಿದೆ, ನಗರ ಯೋಜನೆ ಮತ್ತು ನೀರು ಪೂರೈಕೆ ಅದರಲ್ಲಿವೆ. ಪಾಲಿಕೆಗಳಿಗೆ ಆ ಅಧಿಕಾರ ಕೊಡುವ ಬದಲು ಕಾಯ್ದೆ ಈ ಸಂಸ್ಥೆಗಳ ಮುಖ್ಯಸ್ಥರನ್ನು ಜಿಬಿಎ ಮೇಜಿನ ಸುತ್ತ ಕೂರಿಸಿದೆ. ಸಮನ್ವಯಕ್ಕೆ ಇದು ಹಿಂದಿಗಿಂತ ಮೇಲು, ಒಪ್ಪಬೇಕು. ಆದರೆ ಮೇಯರ್‌ಗಳೂ ಆ ಮೇಜಿನಲ್ಲಿ ಸದಸ್ಯರು ಮಾತ್ರ, ಅಧ್ಯಕ್ಷತೆ ಮುಖ್ಯಮಂತ್ರಿಯದು, ಉಪಾಧ್ಯಕ್ಷತೆ ಬೆಂಗಳೂರು ಅಭಿವೃದ್ಧಿ ಸಚಿವರದು. ಅಧಿಕಾರ ಕೆಳಗೆ ಇಳಿಯಲಿ ಎಂಬ ತಿದ್ದುಪಡಿಯ ಆಶಯಕ್ಕೆ ಇದು ವಿರುದ್ಧ ದಿಕ್ಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಮೇಲೊಂದು ಪ್ರಾಧಿಕಾರ ಬೇಕೇ ಬೇಕು ಎಂಬುದಕ್ಕೆ ರಾಜಕಾಲುವೆಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಊರಿನ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿಯುತ್ತದೆ. ಊರ ನಡುವಿನ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಮೇಲಿನ ಪಾಲಿಕೆ ತನ್ನ ಪಾಲಿನ ಕಾಲುವೆಯನ್ನು ಅಗಲ ಮಾಡಿ ಗೋಡೆ ಕಟ್ಟಿದರೆ ನೀರು ಇನ್ನೂ ವೇಗವಾಗಿ ಕೆಳಗಿನ ಪಾಲಿಕೆಯ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಮಹದೇವಪುರ ಭಾಗ ಮುಳುಗಿದ್ದನ್ನು ನೆನೆದರೆ ಸಾಕು. ಕಣಿವೆಯ ಲೆಕ್ಕದಲ್ಲಿ ಒಂದೇ ಬಜೆಟ್, ಒಂದೇ ಎಂಜಿನಿಯರಿಂಗ್ ತಂಡ ಇರಬೇಕು.

ಹಣದ ವಿಷಯದಲ್ಲಿ ಪಾಠ ದೆಹಲಿಯದು. ಅಲ್ಲಿ 2012ರಲ್ಲಿ ಪಾಲಿಕೆಯನ್ನು ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಮಾಡಿದರು. ತೆರಿಗೆ ಬರುವ ಬಡಾವಣೆಗಳು ದಕ್ಷಿಣದಲ್ಲಿ, ಖರ್ಚು ಎಲ್ಲ ಕಡೆ. ಪೂರ್ವ ಮತ್ತು ಉತ್ತರ ಪಾಲಿಕೆಗಳಲ್ಲಿ ಸಂಬಳ ನಿಂತು ಪೌರಕಾರ್ಮಿಕರು ಮುಷ್ಕರ ಹೂಡಿದರು, ಬೀದಿಯಲ್ಲಿ ಕಸ ರಾಶಿಬಿತ್ತು. 2022ರ ಮೇ 22ರಂದು ಮೂರನ್ನೂ ಮತ್ತೆ ಒಂದು ಮಾಡಬೇಕಾಯಿತು. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ದೊಡ್ಡ ಪಾಲು ಬರುವುದು ಮಹದೇವಪುರದ ಕಡೆಯಿಂದ, ಅದು ಪೂರ್ವ ಪಾಲಿಕೆಗೆ ಸೇರಿದೆ. ಪಶ್ಚಿಮದಲ್ಲಿ 112 ವಾರ್ಡ್‌ಗಳ ಖರ್ಚಿದೆ. ಕೊರತೆ ತುಂಬಿಕೊಡುವುದು ವರ್ಷ ವರ್ಷ ಸರ್ಕಾರದ ಮರ್ಜಿಗೆ ಬಿಟ್ಟ ಅನುದಾನವಾಗಬಾರದು. ಜನಸಂಖ್ಯೆ, ವಿಸ್ತೀರ್ಣ, ಸ್ವಂತ ಆದಾಯ ಮೂರನ್ನೂ ತೂಗುವ, ಮೊದಲೇ ಪ್ರಕಟವಾದ ಸೂತ್ರವಾಗಬೇಕು. ತಮ್ಮ ಪಾಲಿಕೆಯ ಬಜೆಟ್ ಪುಸ್ತಕ ತೆರೆಯುವವರು ಮೊದಲು ಎರಡು ಅಂಕಿ ನೋಡಲಿ: ಸ್ವಂತ ತೆರಿಗೆ ಆದಾಯ ಎಷ್ಟು, ಸಂಬಳ ಮತ್ತು ಹಳೆಯ ಬಿಲ್‌ಗಳ ಬಾಕಿ ಎಷ್ಟು. ಎರಡನೆಯದು ಮೊದಲನೆಯದರ ಹತ್ತಿರ ಬಂದಿದ್ದರೆ ಹೊಸ ರಸ್ತೆಯ ಘೋಷಣೆಗಳನ್ನು ಆ ವರ್ಷ ನಂಬಿ ಕೂರುವಂತಿಲ್ಲ.

ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಅಂದಿನಿಂದ ಅದು ಐದಾಗುವ ದಿನದವರೆಗೂ ಊರನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕೆನ್ನುವ ಸಂವಿಧಾನದ 243ಯು ವಿಧಿ ಇರುವಾಗಲೇ ಹೀಗಾಯಿತು. ವಾರ್ಡ್ ಸಂಖ್ಯೆಯನ್ನು 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ ಬದಲಿಸುತ್ತಾ ಹೋದದ್ದೇ ಇದಕ್ಕೆ ದೊಡ್ಡ ಕಾರಣ. ಪ್ರತಿ ಸಲ ಗಡಿ ಬದಲಾದಾಗ ಮತದಾರರ ಪಟ್ಟಿ ಹೊಸದಾಗಿ ಜೋಡಿಸಬೇಕು, ಮೀಸಲಾತಿ ಪಟ್ಟಿ ಹೊಸದಾಗಿ ಬರಬೇಕು, ಅದರ ಮೇಲೆ ಆಕ್ಷೇಪಣೆ, ಆಮೇಲೆ ಕೋರ್ಟ್. ಹೊಸ ಕಾಯ್ದೆಯಲ್ಲಿ ಮೇಯರ್ ಅವಧಿ 30 ತಿಂಗಳು. ಹಿಂದೆ ವರ್ಷಕ್ಕೊಬ್ಬರು ಮೇಯರ್ ಬದಲಾಗುತ್ತಿದ್ದಾಗ ಒಂದು ಬಜೆಟ್ಟಿನ ಫಲವನ್ನೂ ಅವರು ನೋಡುತ್ತಿರಲಿಲ್ಲ. ಎರಡು ಬಜೆಟ್ ಮಂಡಿಸುವಷ್ಟು ಸಮಯ ಸಿಗುವುದು ಒಳ್ಳೆಯ ಸುಧಾರಣೆ. ಈ ಅವಧಿ ಅರ್ಥಪೂರ್ಣವಾಗಬೇಕಾದರೆ ವಾರ್ಡ್ ಸಮಿತಿಗಳು ತಿಂಗಳಿಗೊಮ್ಮೆ ಸೇರಬೇಕು, ನಡಾವಳಿ ಪ್ರಕಟವಾಗಬೇಕು. ಸಭೆಗೆ ಹೋಗುವವರು ತಮ್ಮ ಬೀದಿಯ ಗುಂಡಿಯೊಂದನ್ನೇ ಹಿಡಿದುಕೊಳ್ಳದೆ, ವಾರ್ಡಿಗೆ ಈ ವರ್ಷ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಕಾರ್ಯಾದೇಶದ ದಿನಾಂಕ, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ, ಈ ಮೂರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಆ ಅವಧಿಯೊಳಗೆ ಕಿತ್ತುಹೋದ ಡಾಂಬರನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು, ಪಾಲಿಕೆಯ ಹಣ ಅದಕ್ಕೆ ಹೋಗಬೇಕಿಲ್ಲ.